ಒಡೆಯುವುದಕ್ಕೂ ಒಂದಿಷ್ಟು ದುಡ್ಡು ಕೊಡಿ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಓದಿ ಬೆಂಗಳೂರು, ಹೊರದೇಶ ಸೇರಿ, ಈಗ ಊರಿನ ಮಕ್ಕಳಿಗೆ ವಿಜ್ಞಾನ ಕಲಿಸಲು ಟ್ರಸ್ಟ್ ಕಟ್ಟಲು ಹೊರಟಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ)

ಪ್ರೀತಿಯ ಮಕ್ಕಳೇ,

ನಿಮ್ಮಲ್ಲಿ ಕೆಲವರ ಕಿವಿಯ ಪಕ್ಕ ಕೂದಲು ನರೆತಿದೆ. ನಿಮ್ಮ ಮಕ್ಕಳೇ ಈಗ ಹೈಸ್ಕೂಲು ಮೆಟ್ಟಿಲು ಹತ್ತಿದ್ದಾರೆ. ಆದರೂ ನಿಮ್ಮನ್ನು ಬೇರೆ ಹೆಸರಿನಿಂದ ಕರೆಯಲು ನನಗೆ ಬಾಯಿ ಬರುವುದಿಲ್ಲ. ಹೋದ ತಿಂಗಳು ನೀವು ಏಳು ಜನ ಬೆಂಗಳೂರಿನಿಂದ ಬಂದು ನಮ್ಮ ಮನೆಯ ಜಗಲಿ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಿರಿ. ನಾಲ್ಕು ತಾಲ್ಲೂಕು, ನಲವತ್ತು ಸರ್ಕಾರಿ ಪ್ರೌಢಶಾಲೆ. ಶಾಲೆಗೊಂದು ದೂರದರ್ಶಕ, ಒಂದು ಪ್ರಯೋಗದ ಪೆಟ್ಟಿಗೆ, ಗೋಡೆಗೊಂದು ದೊಡ್ಡ ಟಿ.ವಿ. ಎಲ್ಲ ತೋರಿಸಿ "ಹೆಂಗದೆ ಸಾ?" ಅಂದಿರಿ. ಎರಡು ದಿನ ಯೋಚನೆ ಮಾಡಿ ಹೇಳುತ್ತೇನೆ ಅಂದೆ. ನಾಲ್ಕು ವಾರವಾಯಿತು.

ಉತ್ತರವನ್ನು ನಿಮ್ಮ ಫೋನಿಗೆ ಕಳಿಸದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮಂತೆಯೇ ಊರಿಗೆ ಏನಾದರೂ ಮಾಡಬೇಕು ಅಂತ ಹಾತೊರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ. ಇನ್ನೊಂದು ಕಾರಣವೂ ಇದೆ. ಕೊಡುವವರ ಮನಸ್ಸು ನೋಯಬಾರದು ಅಂತ ಮೇಷ್ಟ್ರುಗಳು ಇಂಥ ಮಾತನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹಾರ ಹಾಕಿಸಿಕೊಂಡು, ಫೋಟೋಗೆ ನಿಂತು, ವಂದನಾರ್ಪಣೆ ಮಾಡಿ ಕಳಿಸಿಬಿಡುತ್ತೇವೆ. ನಾನೂ ಸರ್ವಿಸ್ ಇರುವವರೆಗೆ ಅದನ್ನೇ ಮಾಡಿದೆ.

ಮೊದಲು ನಮ್ಮ ಶಾಲೆಯ ಆ ಹಸಿರು ಬೀರುವನ್ನು ನೆನಪಿಸಿಕೊಳ್ಳಿ. ಸ್ಟಾಫ್ ರೂಮಿನ ಮೂಲೆಯಲ್ಲಿ, ಬಾವುಟದ ಕೋಲುಗಳ ಹಿಂದೆ ನಿಂತಿರುತ್ತಿತ್ತಲ್ಲ, ಅದು. ಅದರ ಬೀಗದಕೈ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ. ಒಳಗೆ ಪ್ರನಾಳಗಳು, ಬೀಕರು, ಸ್ಪಿರಿಟ್ ದೀಪ, ಹತ್ತಿಯಲ್ಲಿ ಸುತ್ತಿಟ್ಟ ಮಸೂರಗಳು. ಪಟ್ಟಿ ಕಾಂತಗಳನ್ನು ಜೋಡಿಯಾಗಿ ಮಲಗಿಸಿ ತುದಿಗೆ ಮೆದು ಕಬ್ಬಿಣದ ತುಂಡು ಇಡಬೇಕು, ಇಲ್ಲದಿದ್ದರೆ ವರ್ಷ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತವೆ. ನಾನು ಆ ಶಾಲೆಗೆ ಹೋದ ದಿನ ತೆಗೆದು ನೋಡಿದರೆ ಒಂದು ಗುಂಡುಸೂಜಿಯನ್ನೂ ಎತ್ತದಷ್ಟು ಸೋತಿದ್ದವು. ಆದರೆ ದಾಸ್ತಾನು ಪುಸ್ತಕದಲ್ಲಿ ಲೆಕ್ಕ ಸರಿಯಾಗಿತ್ತು.

ನಿಮಗೆ ಗೊತ್ತಿಲ್ಲದ ಸಂಗತಿ ಇದೇ, ದಾಸ್ತಾನು ಪುಸ್ತಕ. ಶಾಲೆಗೆ ಬಂದ ಪ್ರತಿ ಸಾಮಾನೂ ಅದರಲ್ಲಿ ಏರಬೇಕು. ಆಡಿಟ್ ಬಂದಾಗ ಎಣಿಸುತ್ತಾರೆ. ವರ್ಗವಾದಾಗ ಚಾರ್ಜ್ ಕೊಡುವವರು ಮತ್ತೆ ಎಣಿಸಿ ಒಪ್ಪಿಸಬೇಕು. ಒಂದು ಬೀಕರು ಒಡೆದರೆ ಏಕೆ ಒಡೆಯಿತು, ಯಾರ ಕೈಯಲ್ಲಿ ಒಡೆಯಿತು ಅಂತ ಬರೆದಿಡಬೇಕು. ಬರೆಯುವುದಕ್ಕಿಂತ ಕೈಯಿಂದ ಹಾಕಿ ತಂದಿಡುವುದೇ ಸಲೀಸು. ಅದಕ್ಕಿಂತಲೂ ಸಲೀಸು, ಬೀರುವಿನ ಬಾಗಿಲು ತೆಗೆಯದೇ ಇರುವುದು. ನಮ್ಮ ಮೇಷ್ಟ್ರುಗಳು ಸೋಮಾರಿಗಳು ಅಂತ ಪೇಟೆಯಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಆ ಮಾತು ನನಗೆ ನೋವು ಕೊಡುತ್ತದೆ. ಗಾಜಿನ ಸಾಮಾನನ್ನು ನಲವತ್ತು ಮಕ್ಕಳ ಕೈಗೆ ಕೊಡಲು ಹಿಂಜರಿಯುವ ಮನುಷ್ಯನಿಗೆ ಸೋಮಾರಿತನ ಕಾರಣವಲ್ಲ, ಲೆಕ್ಕದ ಹೆದರಿಕೆ ಕಾರಣ.

ಒಂದು ಸಲ ಹೆದರಿಕೆ ಬಿಟ್ಟು ಹೋದೆ. ಅದರ ಕಥೆ ಹೇಳುತ್ತೇನೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹಾಜರಾತಿ ಹೇಗೆ ಇಳಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಮೂವರು ಆ ತಿಂಗಳುಗಳಲ್ಲಿ ಹೊಗೆಸೊಪ್ಪಿನ ವಾಸನೆ ಹೊತ್ತುಕೊಂಡೇ ತರಗತಿಗೆ ಬರುತ್ತಿದ್ದಿರಿ. ಮಳೆಯಲ್ಲಿ ನೆನೆದ ಹಸಿ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತದೆ. ತಲೆಸುತ್ತು, ವಾಂತಿ ಬರುತ್ತದೆ. ಅದಕ್ಕೆ ಮನೆಯವರು ದೃಷ್ಟಿಯಾಯಿತು ಅಂತ ನೀವಾಳಿಸುತ್ತಿದ್ದರು. ಅಂಥದೇ ಒಂದು ಆಗಸ್ಟಿನಲ್ಲಿ ಎಂಟನೇ ತರಗತಿಗೆ ಉಷ್ಣದ ಪಾಠ ಮಾಡುತ್ತಿದ್ದೆ. ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಬೋರ್ಡಿನ ಮೇಲೆ ಬರೆದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾ, ನಮ್ಮ ಬ್ಯಾರನ್ನಲ್ಲಿ 160 ಬತ್ತದೆ. ಅಪ್ಪ ಟಾರ್ಚ್ ಬಿಟ್ಟು ನೋಡ್ತಾರೆ, ನಾನೂ ನೋಡಿವ್ನಿ. ಒಳಗೆ ಒಂದು ಡಬ್ಬದಲ್ಲಿ ನೀರು ಇಟ್ಟಿದ್ವು. ಅದು ಕುದೀನೇ ಇಲ್ವಲ್ಲ?"

ತರಗತಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದ್ದ ಬೇರೆ ಮನೆಗಳ ಮಕ್ಕಳೂ ಇದ್ದರು. ಹೌದು ಸಾ, ಹೌದು ಸಾ ಅಂತ ಗದ್ದಲವೆದ್ದಿತು. ನನಗೆ ಉತ್ತರ ಗೊತ್ತಿತ್ತು. ಅವರ ಮನೆಯ ಥರ್ಮಾಮೀಟರು ಫ್ಯಾರನ್‌ಹೀಟಿನದು, ಪುಸ್ತಕದ್ದು ಸೆಲ್ಸಿಯಸ್. ಸೂತ್ರ ಬರೆದು ಕೂರಿಸಿಬಿಡಬಹುದಿತ್ತು. ಆದರೆ ಆ ಹುಡುಗಿ ಪ್ರಯೋಗ ಮಾಡಿ ಬಂದಿದ್ದಳು. ಡಬ್ಬದಲ್ಲಿ ನೀರಿಟ್ಟು ಕುದಿಯುತ್ತದೋ ಇಲ್ಲವೋ ಅಂತ ನೋಡಿದ್ದಳು. ಇನ್ನು ನಾನು ಸೀಮೆಸುಣ್ಣದಲ್ಲಿ ಉತ್ತರ ಹೇಳಿದರೆ ಅವಳಿಗೆ ಅನ್ಯಾಯ ಅನ್ನಿಸಿತು.

ಬೀರುವಿನಿಂದ ಕೆಂಪು ದ್ರವದ ಒಂದು ಥರ್ಮಾಮೀಟರು ತೆಗೆದುಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕರೆದುಕೊಂಡು ಅವಳ ಮನೆಯ ಬ್ಯಾರನ್ನಿಗೆ ಹೋದೆ. ಸೊಪ್ಪು ಬೇಯಲು ಹಾಕಿ ಐದನೇ ದಿನ. ಎಲೆ ಒಣಗಿ ದಂಟು ಒಣಗುವ ಹಂತ, ಬೆಂಕಿ ಜೋರಾಗಿರುವ ಹೊತ್ತು. ಅವಳ ಅಪ್ಪ ಬಾಗಿಲು ಒಂದಿಷ್ಟೇ ಸರಿಸಿ ನಮ್ಮ ಥರ್ಮಾಮೀಟರನ್ನು ತಮ್ಮದರ ಪಕ್ಕದಲ್ಲೇ ನೇತುಹಾಕಿ ಬಂದರು. ಮಕ್ಕಳು ಗಾಜಿನ ಕಿಂಡಿಯಲ್ಲಿ ಸರದಿಯ ಮೇಲೆ ಇಣುಕಿದರು. ಅವರದು 160 ತೋರಿಸುತ್ತಿತ್ತು, ನಮ್ಮದು 71. ಒಂದೇ ಬಿಸಿ, ಎರಡು ಅಂಕಿ. "ಹಂಗಾದ್ರೆ ನೀರು ಕುದಿಬೇಕಂದ್ರೆ ನಮ್ಮದ್ರಲ್ಲಿ ಎಷ್ಟು ಬರ್ಬೇಕು?" ಅಂತ ಅವಳ ಅಪ್ಪ ಕೇಳಿದರು. ಅವರ ಮಗಳೇ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿ 212 ಅಂದಳು. ಆ ಮನುಷ್ಯ ಮಗಳನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ.

ವಾಪಸು ಬರುವಾಗ ಥರ್ಮಾಮೀಟರು ಹಿಡಿದುಕೊಂಡಿದ್ದ ಹುಡುಗ ಬದು ದಾಟುವಾಗ ಜಾರಿ ಬಿದ್ದ. ಅದು ಎರಡು ತುಂಡಾಯಿತು. ಪರವಾಗಿಲ್ಲ ಬಾರೋ ಅಂದೆ. ಆದರೆ ಅವನು ಸೋಮವಾರ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಗುರುವಾರ ನಾನೇ ಅವರ ಮನೆಗೆ ಹೋದೆ. ಅವನ ತಾಯಿ ಸೆರಗಿನ ಗಂಟು ಬಿಚ್ಚಿ "ಎಷ್ಟಾಯ್ತದೆ ಸಾ?" ಅಂದರು. ದೊಡ್ಡ ಬೆಲೆಯದೇನಲ್ಲ ಅದು. ನಾನು ಕೈಯಿಂದ ಹಾಕಿ ಹೊಸದು ತಂದಿಟ್ಟೆ. ಹೆಡ್‌ಮಾಸ್ಟರೂ ಒಳ್ಳೆಯವರೇ, ಏನೂ ಅನ್ನಲಿಲ್ಲ. ಆದರೂ ಮುಂದಿನ ಎರಡು ವರ್ಷ ನಾನು ಬೀರುವಿನಿಂದ ಗಾಜಿನ ಸಾಮಾನನ್ನು ಶಾಲೆಯ ಗೇಟು ದಾಟಿಸಲಿಲ್ಲ. ಆ ತಾಯಿಯ ಸೆರಗಿನ ಗಂಟು ನನ್ನ ಕೈ ಹಿಡಿಯಿತು.

ಅದೇ ಎರಡು ವರ್ಷಗಳ ನಡುವೆ ಒಂದು ಸಂಸ್ಥೆಯವರು ಬಂದು ದೂರದರ್ಶಕ ಕೊಟ್ಟು ಹೋದರು. ಬ್ಯಾನರು ಕಟ್ಟಿದೆವು, ಮಕ್ಕಳು ಸ್ವಾಗತಗೀತೆ ಹಾಡಿದರು. ಬಳಸುವ ವಿಧಾನವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದ ಹಾಳೆಯೊಂದು ಪೆಟ್ಟಿಗೆಯೊಳಗಿತ್ತು. ಅವರು ಮತ್ತೆ ಬರಲಿಲ್ಲ. ಬೆಲೆ ನೋಡಿ ನನಗೆ ಎದೆ ನಡುಗಿತು, ಬೀರುವಿನ ಮೇಲಿಟ್ಟೆ. ಎರಡು ಮಳೆಗಾಲ ಕಳೆದ ಮೇಲೆ ತೆಗೆದರೆ ಮಸೂರದ ಮೇಲೆ ಬೂಷ್ಟು ಬಲೆ ಕಟ್ಟಿತ್ತು. "ಆ ಪೆಟ್ಟಿಗೇಲಿ ಏನದೆ ಸಾ?" ಅಂತ ಕೇಳಿದ ಹುಡುಗನಿಗೆ ಮುಟ್ಟಬೇಡ ಅಂದವನು ನಾನೇ. ಚಂದ್ರನ ಮೇಲಿನ ಕುಳಿಗಳನ್ನು ನೋಡಬಹುದಾಗಿದ್ದ ಇನ್ನೂರು ಮಕ್ಕಳು ಅಷ್ಟರಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿ ಹೊರಟುಹೋಗಿದ್ದರು. ಈ ತಪ್ಪನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು, ನಿಮ್ಮ ನಲವತ್ತು ದೂರದರ್ಶಕಗಳು ಇದೇ ದಾರಿ ಹಿಡಿಯಬಾರದು ಅಂತ.

ಈಗ ಬೇರೆಯವರು ಹೇಗೆ ಮಾಡಿದರು ನೋಡಿ. ನೀವು ರಾಮ್‌ಜಿ ರಾಘವನ್ ಅವರ ಹೆಸರು ಹೇಳಿದಿರಿ, ಅವರಂತೆ ಮಾಡಬೇಕು ಅಂದಿರಿ. ಸಂತೋಷ. ಆದರೆ ಅವರು ಮಾಡಿದ್ದೇನು ಅಂತ ಹತ್ತಿರದಿಂದ ನೋಡೋಣ. ಆಂಧ್ರದ ರಿಷಿವ್ಯಾಲಿಯಲ್ಲಿ ಓದಿ, ಹೊರದೇಶಗಳಲ್ಲಿ ಬ್ಯಾಂಕಿನ ದೊಡ್ಡ ಕೆಲಸದಲ್ಲಿದ್ದವರು ಅದನ್ನು ಬಿಟ್ಟು ಬಂದು 1999ರಲ್ಲಿ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಶನ್ ಶುರು ಮಾಡಿದರು. ಅಣುವಿಜ್ಞಾನಿ ಪಿ.ಕೆ. ಅಯ್ಯಂಗಾರ್ ಅವರಂಥ ಹಿರಿಯರು ಜೊತೆಗೆ ನಿಂತರು. ನಮ್ಮ ಬಂಗಾರಪೇಟೆ ದಾಟಿದರೆ ಸಿಗುವ ಕುಪ್ಪಂ ಬಳಿ 172 ಎಕರೆ ಬಂಜರು ನೆಲದಲ್ಲಿ ಅವರ ಕ್ಯಾಂಪಸ್ ಎದ್ದಿತು. ಅಲ್ಲೇ ಒಂದು ಅಚ್ಚುಕಟ್ಟಾದ ಶಾಲೆ ನಡೆಸಿಕೊಂಡು ತೃಪ್ತರಾಗಿರಬಹುದಿತ್ತು. ಅವರು ಪ್ರಯೋಗದ ಸಾಮಾನನ್ನು ವ್ಯಾನಿಗೆ ತುಂಬಿ ಸರ್ಕಾರಿ ಶಾಲೆಗಳ ಬಾಗಿಲಿಗೆ ಕಳಿಸಿದರು. ವ್ಯಾನು ಹೋಗದ ಕಡೆಗೆ ಮೋಟಾರ್ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿದರು. ಎಲ್ಲರೂ ಆ ವ್ಯಾನನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ವ್ಯಾನಿನಿಂದ ಇಳಿಯುವ ಮನುಷ್ಯ. ಸುತ್ತಮುತ್ತಲ ಊರಿನ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಬೋಧಕರನ್ನಾಗಿ ಮಾಡಿದ್ದು ದೊಡ್ಡ ಕೆಲಸ. ಸಾಮಾನಿನ ಬೆಲೆ ಕಡಿಮೆ. ಬಾಟಲಿ, ಬಲೂನು, ಸೈಕಲ್ ಚಕ್ರ, ರಟ್ಟು. ಒಡೆದರೆ ಸಂಜೆಯೊಳಗೆ ಇನ್ನೊಂದು ಮಾಡಬಹುದು. ಅಲ್ಲಿ ಮಕ್ಕಳೇ ಮಕ್ಕಳಿಗೆ ಪ್ರಯೋಗ ತೋರಿಸಿ ವಿವರಿಸುವ ಪದ್ಧತಿಯೂ ಇದೆ. ಗಾಜು ಒಡೆದೀತು ಅಂತ ಹೆದರುವ ಕಡೆ ಅದು ನಡೆಯುವುದಿಲ್ಲ.

ಇದರ ಕೊರತೆಯನ್ನೂ ಹೇಳಬೇಕು. ಇಂಥ ಒಂದು ಸಂಚಾರಿ ಪ್ರಯೋಗಾಲಯ ನಮ್ಮ ಶಾಲೆಗೂ ಬಂದಿತ್ತು. ಬೋಧಕಿ ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ. ಅರ್ಧ ಕತ್ತರಿಸಿದ ಬಾಟಲಿಯ ತಳಕ್ಕೆ ಬಲೂನಿನ ರಬ್ಬರು ಬಿಗಿದು ಎಳೆದಳು, ಒಳಗಿನ ಎರಡು ಪುಟ್ಟ ಬಲೂನು ಉಬ್ಬಿದವು. ಒಂದು ಮಗು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರೆಳೆದು ನೋಡಿಕೊಂಡಿತು. ಅಂದು ಸಂಜೆ ಮಕ್ಕಳು ಅವಳ ಹಿಂದೆ ವ್ಯಾನಿನವರೆಗೂ ಓಡಿದರು. ಮತ್ತೆ ಬರುವಷ್ಟರಲ್ಲಿ ಮಕ್ಕಳ ಪ್ರಶ್ನೆಗಳು ತಣ್ಣಗಾಗಿದ್ದವು. ಪ್ರಶ್ನೆ ಹುಟ್ಟಿದ ಮರುದಿನ ಕೇಳಲು ಅಲ್ಲೇ ಒಬ್ಬರು ಇರಬೇಕು. ವ್ಯಾನು ಬರುವ ದಿನವೂ ಊರಿನ ಮೇಷ್ಟ್ರು ಪಕ್ಕದಲ್ಲಿ ನಿಂತು ಕೈಹಾಕಬೇಕು. ಬಹಳ ಕಡೆ ನಾವು ಆ ಹೊತ್ತಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತ ಕೂತಿರುತ್ತೇವೆ.

ದೂರ ಏಕೆ ಹೋಗಬೇಕು. ಎಚ್.ಡಿ.ಕೋಟೆಯವರು ನಿಮ್ಮಲ್ಲಿ ಇಬ್ಬರಿದ್ದೀರಿ. ರಾಜ್ಯವೆಲ್ಲ ಹೆಸರು ಕೇಳಿರುವ ನಲಿ-ಕಲಿ ಹುಟ್ಟಿದ್ದು ನಿಮ್ಮ ತಾಲ್ಲೂಕಿನಲ್ಲಿ ಅಂತ ನಿಮಗೆ ಗೊತ್ತಿರಲಿಲ್ಲ. ಅಂದು ನಿಮ್ಮ ಮುಖ ನೋಡಿದಾಗಲೇ ನನಗೆ ತಿಳಿಯಿತು. 1995ರಲ್ಲಿ ಕೋಟೆಯ ಪ್ರಾಥಮಿಕ ಶಾಲೆಗಳ ಮೇಷ್ಟ್ರು, ಮೇಡಂಗಳ ಒಂದು ತಂಡ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಒಬ್ಬರೇ ಶಿಕ್ಷಕರು. ಆದರೂ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತಿತ್ತು. ಯೂನಿಸೆಫ್ ನೆರವಿತ್ತು. ಆದರೆ ಕಾರ್ಡು ಬರೆದವರು, ಚಿತ್ರ ಬಿಡಿಸಿದವರು, ಹಾಡು ಕಟ್ಟಿದವರು ಕೋಟೆಯ ಶಿಕ್ಷಕರೇ. ಗೋಡೆಗೆ ಕಲಿಕೆಯ ಏಣಿ ಬಂತು. ಮಕ್ಕಳು ಸಾಲು ಬೆಂಚು ಬಿಟ್ಟು ನೆಲದ ಮೇಲೆ ಗುಂಪು ಗುರುತಿನ ತಟ್ಟೆಯ ಸುತ್ತ ಕೂತರು. ಮಾಡಿದ ಚಿತ್ರ, ಬರೆದ ಹಾಳೆ ತಲೆಯ ಮೇಲಿನ ಚಪ್ಪರದಲ್ಲಿ ತೂಗಿದವು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಸುತ್ತೋಲೆಯ ಮೂಲಕ ಹೋದ ಕಡೆಗಳಲ್ಲಿ ಅದರ ಜೀವ ಸ್ವಲ್ಪ ಸೊರಗಿತು ಎಂಬುದು ನನ್ನ ಅಭಿಪ್ರಾಯ. ತಾನೇ ಬರೆದ ಕಾರ್ಡು ಹರಿದರೆ ಶಿಕ್ಷಕಿ ಇನ್ನೊಂದು ಬರೆಯುತ್ತಾಳೆ. ಮೇಲಿನಿಂದ ಬಂದ ಕಾರ್ಡು ಹರಿದೀತೆಂದು ಕಟ್ಟಿಡುತ್ತಾಳೆ. ಮತ್ತೆ ಅದೇ ಬೀರು.

ಅದೇ ಕೋಟೆಯ ಕಾಡಂಚಿನಲ್ಲಿ ಇನ್ನೊಂದು ಕಥೆ ನಡೆದಿದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. 1987ರಲ್ಲಿ ಬ್ರಹ್ಮಗಿರಿಗೆ ಬಂದರು. ಕಬಿನಿ ಅಣೆಕಟ್ಟೆಗೂ ಹುಲಿಕಾಡಿಗೂ ನೆಲ ಬಿಟ್ಟು ಕೊಟ್ಟು ಹಾಡಿಗಳಲ್ಲಿ ಉಳಿದಿದ್ದ ಜೇನುಕುರುಬರು, ಕಾಡುಕುರುಬರ ನಡುವೆ ವೈದ್ಯರಾಗಿ ಕುಳಿತರು. ಔಷಧ ಕೊಟ್ಟರೆ ಸಾಲದು ಅಂತ ತಿಳಿಯಲು ಅವರಿಗೆ ಬಹಳ ದಿನ ಬೇಕಾಗಲಿಲ್ಲ. ಆಸ್ಪತ್ರೆಯ ಬೆನ್ನಿಗೇ ಶಾಲೆ ಬಂತು. ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳ ಜೊತೆಗೆ ಹೊಸಹಳ್ಳಿಯ ಗಿರಿಜನ ಮಕ್ಕಳ ಶಾಲೆಯೂ ಬೆಳೆಯಿತು. ಇಷ್ಟೆಲ್ಲ ಆದ ಮೇಲೆ ಅವರು ಸಂಸ್ಥೆಯ ಚುಕ್ಕಾಣಿಯನ್ನು ಮುಂದಿನವರ ಕೈಗೆ ಕೊಟ್ಟು ಬೇರೆ ಕೆಲಸಕ್ಕೆ ಹೊರಟರು. 2011ರಲ್ಲಿ ಮೈಸೂರಿನಲ್ಲಿ ಗ್ರಾಮ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದರು. ಅವರು ಹೋದ ಮೇಲೂ ಶಾಲೆ ನಡೆಯುತ್ತಿದೆ. ನಿಮ್ಮ ಟ್ರಸ್ಟಿನ ಹಾಳೆಗಳಲ್ಲಿ ಒಂದು ಸಂಗತಿ ಎಲ್ಲೂ ಕಾಣಲಿಲ್ಲ. ನಿಮ್ಮ ಉತ್ಸಾಹ ಇಳಿದ ಮೇಲೆ, ಇಲ್ಲವೇ ನಿಮಗೆ ಅಮೆರಿಕಕ್ಕೆ ವರ್ಗವಾದ ಮೇಲೆ, ಯಾರು ನಡೆಸುತ್ತಾರೆ? ಅದಕ್ಕೊಂದು ಪುಟ ಸೇರಿಸಿ.

ಹಾಡಿಯ ಮಕ್ಕಳ ವಿಷಯ ಬಂದಾಗ ಒಂದು ಮಾತು. ಹೆಜ್ಜೇನು ಎಲ್ಲಿ ಕಟ್ಟುತ್ತದೆ, ತುಡುವೆ ಎಲ್ಲಿ ಕಟ್ಟುತ್ತದೆ, ಯಾವ ಮರ ಹೂಬಿಟ್ಟಾಗ ಯಾವ ರುಚಿಯ ತುಪ್ಪ ಸಿಗುತ್ತದೆ ಅಂತ ಹತ್ತು ವರ್ಷದ ಮಗು ಕೈ ತೋರಿಸಿ ಹೇಳುವುದನ್ನು ಕೇಳಿದ್ದೇನೆ. ಅದೇ ಮಗು ಪರಾಗಸ್ಪರ್ಶದ ಪ್ರಶ್ನೆಗೆ ಸೊನ್ನೆ ತೆಗೆದುಕೊಂಡಿದ್ದನ್ನೂ ನೋಡಿದ್ದೇನೆ. ಅವನಿಗೆ ಗೊತ್ತಿರುವುದನ್ನು ನಮ್ಮ ಪುಸ್ತಕ ಕೇಳುವುದೇ ಇಲ್ಲ. ಇದಕ್ಕೆ ಟಿ.ವಿ. ಪರಿಹಾರವಲ್ಲ. ಅವನ ಭಾಷೆ ಅರ್ಥವಾಗುವ, ಅವನ ಜೊತೆ ಮರದ ಬುಡಕ್ಕೆ ಹೋಗಿ ನಿಲ್ಲುವ ಒಬ್ಬರು ಬೇಕು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಗುಣವೇ ಅದು. ಮಕ್ಕಳು ತಮ್ಮ ಊರಿನದೇ ಒಂದು ವಿಷಯ ಹಿಡಿದು, ಅಳೆದು, ಎಣಿಸಿ, ವರದಿ ಬರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿದೆ. ನಮ್ಮ ಶಾಲೆಯ ಐವರು ಮಕ್ಕಳು ಒಂದು ವರ್ಷ ಬ್ಯಾರನ್ನಿಗೆ ಹೋಗುವ ಸೌದೆಯನ್ನು ತೂಗಿ ಲೆಕ್ಕ ಇಟ್ಟರು. ಖರ್ಚಾದದ್ದು ಒಂದು ನೋಟ್‌ಬುಕ್ಕು, ಅಂಗಡಿಯ ತಕ್ಕಡಿಯ ಬಾಡಿಗೆ, ಗೈಡ್ ಟೀಚರ ಹದಿನಾಲ್ಕು ಭಾನುವಾರ. ಆ ಭಾನುವಾರಗಳನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕನ್ನಡದಲ್ಲಿ ವಿಜ್ಞಾನ ಹೇಳುವುದಕ್ಕೆ ಬುನಾದಿ ಇಲ್ಲವೆಂದು ತಿಳಿಯಬೇಡಿ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದಿದ್ದರು. ನಮ್ಮ ಮೈಸೂರಿನಲ್ಲೇ ಜೆ.ಆರ್. ಲಕ್ಷ್ಮಣರಾಯರಿದ್ದರು, ಜಿ.ಟಿ. ನಾರಾಯಣರಾಯರಿದ್ದರು. ಜಿ.ಟಿ.ಎನ್. ರಾತ್ರಿ ಬಯಲಿನಲ್ಲಿ ನಿಲ್ಲಿಸಿ ನಕ್ಷತ್ರ ತೋರಿಸಿದ ಒಬ್ಬೊಬ್ಬರೂ ಇವತ್ತಿಗೂ ಆ ರಾತ್ರಿಯನ್ನು ನೆನೆಯುತ್ತಾರೆ. ನಿಮ್ಮ ಪೆಟ್ಟಿಗೆಯ ಹಾಳೆಗಳು ಕನ್ನಡದಲ್ಲಿರಲಿ.

ಇನ್ನು ದುಡ್ಡಿನ ಮಾತು. ನಿಮ್ಮ ಕಂಪನಿಗಳ ಸಿ.ಎಸ್.ಆರ್. ಹಣ ತರುತ್ತೇವೆ ಅಂದಿರಿ. ಕಂಪನಿ ಕಾಯ್ದೆ 2013ರ 135ನೇ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಯೂ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಇಂಥ ಕೆಲಸಕ್ಕೆ ಕೊಡಬೇಕು. 2014ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಈ ಹಣ ಬರತೊಡಗಿದ ಮೇಲೆ ಹಳ್ಳಿ ಶಾಲೆಗಳಿಗೆ ಸಾಮಾನು ಬರುವುದು ಹೆಚ್ಚಾಗಿದೆ ಎಂಬುದು ನನ್ನ ಕಣ್ಣಿನ ಅಂದಾಜು. ಸಾಮಾನಿಗೆ ಬಿಲ್ಲು ಇರುತ್ತದೆ, ಫೋಟೋ ತೆಗೆಯಬಹುದು, ಮಾರ್ಚ್ 31ರೊಳಗೆ ಮುಗಿಸಬಹುದು. ಸಂಬಳ ಹಾಗಲ್ಲ. ಅದನ್ನು ತಿಂಗಳು ತಿಂಗಳು ಕೊಡುತ್ತಲೇ ಇರಬೇಕು, ಮುಂದಿನ ವರ್ಷವೂ ಕೊಡಬೇಕು. ಅದಕ್ಕೇ ಕೊಡುವವರು ಹಿಂಜರಿಯುತ್ತಾರೆ. ನಿಮ್ಮ ಕಂಪನಿಯ ಮೀಟಿಂಗಿನಲ್ಲಿ ಈ ಮಾತು ಎತ್ತಲು ನಿಮಗೆ ಧೈರ್ಯ ಬೇಕಾಗುತ್ತದೆ. ಹತ್ತನೇ ತರಗತಿಯಲ್ಲಿ ಮೊದಲ ಸಲ ಭಾಷಣಕ್ಕೆ ನಿಂತು ನಡುಗುತ್ತಿದ್ದ ನಿಮ್ಮನ್ನು ನೋಡಿದವನು ನಾನು. ಅಂದೂ ನೀವು ಮಾತಾಡಿ ಮುಗಿಸಿಯೇ ಇಳಿದಿರಿ.

ನನ್ನ ಕೋರಿಕೆ ಇಷ್ಟು. ನಲವತ್ತು ಶಾಲೆ ಬಿಡಿ, ಎಂಟು ಹಿಡಿಯಿರಿ, ತಾಲ್ಲೂಕಿಗೆ ಎರಡು. ಪಿರಿಯಾಪಟ್ಟಣದಲ್ಲಿ, ಕೆ.ಆರ್.ನಗರದಲ್ಲಿ ಬಿ.ಎಸ್ಸಿ. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತ ಮನೆಯಲ್ಲಿ ಕೂತಿರುವ ಹೆಣ್ಣುಮಕ್ಕಳಿದ್ದಾರೆ. ನಾಲ್ವರನ್ನು ಆರಿಸಿ. ಒಬ್ಬೊಬ್ಬಳಿಗೆ ಎರಡು ಶಾಲೆ, ವಾರಕ್ಕೆ ಎರಡು ದಿನ ಅಲ್ಲಿ, ಎರಡು ದಿನ ಇಲ್ಲಿ, ಒಂದು ದಿನ ತಯಾರಿ. ಬಸ್ಸಿನ ಖರ್ಚು ಬೇರೆ ಕೊಡಿ, ಗೌರವದ ಸಂಬಳ ಕೊಡಿ, ಕಡಿಮೆಯೆಂದರೆ ಮೂರು ವರ್ಷ ಕೊಡುತ್ತೇವೆಂದು ಬರೆದುಕೊಡಿ. ಎಂಟನೇ ತರಗತಿಯಲ್ಲಿ ಅವಳ ಕೈಗೆ ಸಿಕ್ಕ ಮಗು ಹತ್ತು ಮುಗಿಸುವವರೆಗೂ ಅವಳ ಮುಖವನ್ನೇ ನೋಡಬೇಕು. ಅವಳು ಮೇಷ್ಟ್ರ ಜಾಗ ಕಸಿಯದೆ ಜೊತೆಗೆ ನಿಲ್ಲಲಿ. ಅದಕ್ಕೆ ಮೊದಲೇ ಮೇಷ್ಟ್ರನ್ನು, ಎಸ್‌.ಡಿ.ಎಂ.ಸಿ.ಯವರನ್ನು (ಶಾಲಾಭಿವೃದ್ಧಿ ಸಮಿತಿ) ಕೂರಿಸಿಕೊಂಡು ಮಾತಾಡಿ.

ಅದರ ಜೊತೆಗೆ ಪ್ರತಿ ಶಾಲೆಗೂ ವರ್ಷಕ್ಕೆ ಇಂತಿಷ್ಟು ಅಂತ ಒಡೆಯುವ ದುಡ್ಡು ಇಡಿ. ಆ ಹೆಸರಿನಿಂದಲೇ ಕರೆಯಿರಿ. ಸಾಮಾನು ಟ್ರಸ್ಟಿನದಾಗಿಯೇ ಇರಲಿ, ಶಾಲೆಯ ದಾಸ್ತಾನು ಪುಸ್ತಕಕ್ಕೆ ಏರುವುದು ಬೇಡ. ಒಂದು ವರ್ಷದಲ್ಲಿ ಏನೂ ಒಡೆಯದ ಶಾಲೆಗೆ ನೀವೇ ಹೋಗಿ ಕೇಳಿ, ಏಕೆ ಏನೂ ಒಡೆದಿಲ್ಲ ಅಂತ. ಬದುವಿನ ಮೇಲೆ ಜಾರಿ ಬಿದ್ದ ಆ ಹುಡುಗ ಮೂರು ದಿನ ಶಾಲೆಗೆ ಬಾರದೆ ಇದ್ದನಲ್ಲ, ಅಂಥ ಮೂರು ದಿನ ಇನ್ನೊಂದು ಮಗುವಿಗೆ ಬರದಿದ್ದರೆ ನಿಮ್ಮ ದುಡ್ಡು ಸಂದಿತು ಅಂತ ನಾನು ಒಪ್ಪುತ್ತೇನೆ.

ದೂರದರ್ಶಕ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಎರಡನೇ ವರ್ಷಕ್ಕೆ ಬರಲಿ, ಮಕ್ಕಳು ಕೇಳಿದ ಮೇಲೆ ಬರಲಿ. ಕೇಳುವ ಹಾಗೆ ಮಾಡಲು ಆಕಾಶಕ್ಕೆ ಬಹಳ ಖರ್ಚಿಲ್ಲ. 2019ರ ಡಿಸೆಂಬರ್ 26ರಂದು ನೆರೆಯ ಕೊಡಗಿನ ಕುಟ್ಟದಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತು. ಅಂದೇ ಕಲಬುರಗಿಯ ಬಳಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದನ್ನು ಇಡೀ ರಾಜ್ಯ ಟಿ.ವಿ.ಯಲ್ಲಿ ನೋಡಿತು. ನಮ್ಮ ಶಾಲೆಗೆ ಆ ದಿನ ಅರ್ಧ ಮಕ್ಕಳೂ ಬಂದಿರಲಿಲ್ಲ. ಬಂದವರನ್ನು ಒಂಬತ್ತೂವರೆ ಹೊತ್ತಿಗೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ನೆಲ ನೋಡಿ ಅಂದೆ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಾಗಿದ್ದವು. ನೂರಾರು ಸಣ್ಣ ಸಣ್ಣ ಸೂರ್ಯಂದಿರು ಮಣ್ಣಿನ ಮೇಲೆ ಅಲುಗುತ್ತಿದ್ದರು. ಬಿಸಿಯೂಟದ ಅಡುಗೆಯ ಅಕ್ಕ ಒಳಗಿನಿಂದ ಹೆದರುತ್ತ ಬಂದವರು ಬೊಗಸೆಯಲ್ಲಿ ಒಂದು ಚುಕ್ಕೆ ಹಿಡಿದು ನಿಂತರು. ಆಮೇಲೆ ಅವರೇ ಓಣಿಗೆ ಹೋಗಿ ಇನ್ನೂ ಏಳೆಂಟು ಮಕ್ಕಳನ್ನು ಕರೆದುಕೊಂಡು ಬಂದರು.

ಕೆಲಸ ಯಾವಾಗ ಶುರು ಮಾಡೋಣ ಅಂತ ಕೇಳಿದಿರಿ. ಆಗಸ್ಟ್ 20 ದೇವರಾಜ ಅರಸರ ಜಯಂತಿ. ನಮ್ಮ ಕಲ್ಲಹಳ್ಳಿಯವರು, ಹಿಂದುಳಿದ ವರ್ಗದ ಮಕ್ಕಳ ಹಾಸ್ಟೆಲುಗಳೆಂದರೆ ಜನರಿಗೆ ಅವರ ಹೆಸರೇ ನೆನಪಾಗುತ್ತದೆ. ಆಕಾಶದ ಲೆಕ್ಕದಲ್ಲೂ ಆ ದಿನ ನಮಗೆ ವಿಶೇಷ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರದ ಮೇಲೆ ಸೂರ್ಯ ಆ ಸುಮಾರಿಗೆ ಮಧ್ಯಾಹ್ನ ನೆತ್ತಿಗೆ ಸರಿಯಾಗಿ ಬರುತ್ತಾನೆ. ತೆಂಕಣಕ್ಕಿರುವ ಎಚ್.ಡಿ.ಕೋಟೆಗೆ ಮರುದಿನ. ಹನ್ನೆರಡೂವರೆಗೆ ಒಂದೆರಡು ನಿಮಿಷ ಮುಂಚೆ ನೆಟ್ಟ ಕೋಲಿನ ನೆರಳು ಕೋಲಿನ ಬುಡದೊಳಗೇ ಅಡಗಿಬಿಡುತ್ತದೆ. ಮಕ್ಕಳು ತಮ್ಮ ನೆರಳನ್ನು ಹುಡುಕುತ್ತ ಸುತ್ತು ಹಾಕುವುದನ್ನು ನೀವು ಒಮ್ಮೆ ನೋಡಬೇಕು.

ಬ್ಯಾನರು ಬೇಡ, ಪೆಟ್ಟಿಗೆ ಬೇಡ. ಏಳೂ ಜನ ಬನ್ನಿ. ಆ ನಾಲ್ವರು ಹುಡುಗಿಯರನ್ನು ಅಷ್ಟರೊಳಗೆ ಹುಡುಕಿಡುತ್ತೇನೆ, ಅವರೂ ಬರಲಿ. ಕೋಲು ನಾನು ತರುತ್ತೇನೆ. ಮಳೆಗಾಲ ಬೇರೆ, ಮೋಡ ಮುಚ್ಚಿಕೊಂಡು ಏನೂ ಕಾಣದೆ ಹೋದೀತು. ಹಾಗಾದರೆ ಏಪ್ರಿಲ್ 22–23ರ ಸುಮಾರಿಗೆ ಸೂರ್ಯ ಮತ್ತೆ ಅದೇ ಜಾಗಕ್ಕೆ ಬರುತ್ತಾನೆ. ಶಾಲೆಗೆ ಆಗ ಬೇಸಿಗೆ ರಜೆ, ಮಕ್ಕಳು ಓಣಿಯಲ್ಲೇ ಸಿಗುತ್ತಾರೆ. ಆಗಲೂ ಬನ್ನಿ.

ನಿಮ್ಮ
ವಿಜ್ಞಾನದ ಮೇಷ್ಟ್ರು
ಹುಣಸೂರು